ಇವತ್ತಿನ ಲೈನು ಯಾವುದಣ್ಣ?

ಲೈನ್‌ಮನ್ ಅಣ್ಣನ ಮೊಣಕಾಲಿನಿಂದ ಕೆಳಗೆ, ಕಾಲಿನ ಒಳಮಗ್ಗುಲಲ್ಲಿ ಒಂದೇ ಒಂದು ಕೂದಲು ಇರಲಿಲ್ಲ. ಮುಂದೋಳಿನ ಒಳಭಾಗದಲ್ಲೂ ಇರಲಿಲ್ಲ. ಪ್ಯಾಂಟನ್ನು ಮೇಲಕ್ಕೆ ಮಡಚಿಕೊಂಡು ಸಬ್‌ಸ್ಟೇಷನ್ನಿನ ಮೆಟ್ಟಿಲ ಮೇಲೆ ಕೂತು ಕಾಲು ನೀವಿಕೊಳ್ಳುವಾಗ ಆ ಚರ್ಮ ಹಳೆಯ ಚಪ್ಪಲಿಯ ಅಟ್ಟೆಯ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ವಯಸ್ಸಾಗಿ ಉದುರಿದ್ದಲ್ಲ. ಹರೆಯದಿಂದಲೂ ಸಿಮೆಂಟ್ ಕಂಬಗಳನ್ನು ತಬ್ಬಿ ಹತ್ತಿ, ತಬ್ಬಿ ಇಳಿದು ಸವೆದದ್ದು. ಮೊದಲ ಸಲ ನೋಡಿದಾಗ ನನಗೆ ಮೈ ಜುಮ್ಮೆಂದಿತು. ಮನುಷ್ಯನ ಮೈಯೂ ಹೀಗೆ ಸವೆಯುತ್ತದೆಯೇ ಎಂದು ಹೆದರಿದೆ.

ನಾನು ಹೆದರುವುದಕ್ಕೆ ದೊಡ್ಡ ಕಾರಣವೇನೂ ಬೇಕಾಗಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹಲ್ಲಿ, ಗುಡುಗು, ಕುಕ್ಕರಿನ ಸೀಟಿ, ಯಾವುದಕ್ಕೂ ನಾನು ಬೆಚ್ಚುವವಳೇ. ಡಿಪ್ಲೊಮಾದಲ್ಲಿ ಎಲೆಕ್ಟ್ರಿಕಲ್ ಸಿಕ್ಕಿತು, ಓದಿದೆ. ಆಮೇಲೆ ತ್ಯಾಮಗೊಂಡ್ಲು ಕಡೆಯ ಒಂದು ಚಿಕ್ಕ ಸಬ್‌ಸ್ಟೇಷನ್ನಿನಲ್ಲಿ ಗುತ್ತಿಗೆಯ ಮೇಲೆ ಆಪರೇಟರ್ ಕೆಲಸವೂ ಸಿಕ್ಕಿತು. ಯಾವ ಸ್ಟೇಷನ್ ಎಂದು ಹೇಳುವುದಿಲ್ಲ. ಹೇಳಿದರೆ ನಾಳೆಯೇ ಯಾರಾದರೂ ನೋಟಿಸು ಹಿಡಿದುಕೊಂಡು ಬರುತ್ತಾರೆ. "ಮಿಕ್ಸಿ ಹಾಕಕ್ಕೆ ಹೆದ್ರೋಳು ಕರೆಂಟ್ ಆಫೀಸಲ್ಲಿ ಕೂತವ್ಳಂತೆ," ಎಂದು ನಮ್ಮಮ್ಮ ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ.

ಸ್ಟೇಷನ್ನಿನಿಂದ ಸುತ್ತಲಿನ ಹಳ್ಳಿಗಳಿಗೆ ಕರೆಂಟು ಹೋಗುವ ಒಂದೊಂದು ದಾರಿಗೂ ಒಂದೊಂದು ಸ್ವಿಚ್ಚು. ಆ ದಾರಿಗೆ ಫೀಡರ್ ಎನ್ನುತ್ತಾರೆ. ಆ ಸ್ವಿಚ್ಚುಗಳ ಸಾಲಿನ ಎದುರು ನನ್ನ ಕುರ್ಚಿ. ಫೋನು ಸದಾ ಹೊಡೆದುಕೊಳ್ಳುತ್ತಿರುತ್ತದೆ. "ತ್ರೀ ಫೇಸ್ ಯಾವಾಗ ಬಿಡ್ತೀಯವ್ವ, ತೋಟಕ್ಕೆ ನೀರು ಕಟ್ಬೇಕು" ಎನ್ನುವವರು, "ಟಿ.ವಿ. ನೋಡ್ತಾ ಇದ್ವಿ, ಈಗ್ಲೇ ತೆಗೀಬೇಕಿತ್ತಾ" ಎನ್ನುವವರು. ಬೈಸಿಕೊಳ್ಳುವುದು ಅಭ್ಯಾಸವಾಗುತ್ತದೆ. ಅಭ್ಯಾಸವಾಗದ್ದು ಒಂದೇ, ಲೈನ್ ಕ್ಲಿಯರ್.

ತಂತಿ ಮೇಲೆ ಕೆಲಸ ಮಾಡಬೇಕಾದರೆ ಲೈನ್‌ಮನ್ ಮೊದಲು ಸ್ಟೇಷನ್ನಿಗೆ ಫೋನು ಮಾಡಿ ಲೈನ್ ಕ್ಲಿಯರ್ ಕೇಳಬೇಕು. ನಾವು ಎಲ್.ಸಿ. ಎನ್ನುತ್ತೇವೆ. ನಾನು ಆ ಫೀಡರಿನ ಸ್ವಿಚ್ಚು ತೆರೆದು, ಅಂದರೆ ಕರೆಂಟು ಕಡಿದು, ತಂತಿಯನ್ನು ಭೂಮಿಗೆ ಸೇರಿಸಿ, ಜನ ಕೆಲಸ ಮಾಡುತ್ತಿದ್ದಾರೆ ಎನ್ನುವ ಕೆಂಪು ಬೋರ್ಡನ್ನು ಹಿಡಿಕೆಗೆ ನೇತುಹಾಕಿ, ಕೊಟ್ಟೆ ಎಂದು ಹೇಳಿದ ಮೇಲೆ ಅವರು ಅಲ್ಲಿಯೂ ತಂತಿಯನ್ನು ಅರ್ಥ್ ರಾಡಿನಿಂದ ನೆಲಕ್ಕೆ ಸೇರಿಸಿ ಕಂಬ ಹತ್ತುತ್ತಾರೆ. ಕೆಲಸ ಮುಗಿದ ಮೇಲೆ ತೆಗೆದುಕೊಂಡವನೇ ಫೋನು ಮಾಡಿ, ಎಲ್ಲರೂ ಇಳಿದಿದ್ದಾರೆ ಎಂದು ಹೇಳಿ ಎಲ್.ಸಿ. ವಾಪಸ್ ಕೊಡಬೇಕು. ಆಗ ನಾನು ಚಾರ್ಜ್ ಮಾಡುತ್ತೇನೆ, ಅಂದರೆ ತಂತಿಗೆ ಮತ್ತೆ ಕರೆಂಟು ಬಿಡುತ್ತೇನೆ. ಕಂಬದ ಮೇಲಿರುವವರು ನನಗೆ ಕಾಣುವುದಿಲ್ಲ. ನಾನು ನಂಬುವುದು ಫೋನಿನಲ್ಲಿ ಬರುವ ಒಂದು ದನಿಯನ್ನು.

ಆ ಸವೆದ ಕಾಲಿನವರು ನಮ್ಮ ಕಡೆಯ ಹಿರಿಯ ಲೈನ್‌ಮನ್. ಎಲ್ಲರಿಗೂ ಅವರು ಅಣ್ಣ, ನನಗೂ ಅಣ್ಣ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರಿಗೆ ಮೊದಲ ಎಲ್.ಸಿ. ಕೊಟ್ಟೆ. "ತಗೊಂಡೆ ಕಣವ್ವ" ಎಂದವರು ಫೋನು ಇಡಲಿಲ್ಲ.

"ಇವತ್ತಿನ ಲೈನು, ರೈಲು," ಎಂದರು.

"ಏನಣ್ಣ?"

"ರೈಲ್ವೆ ಲೈನು. ನೆನಪಲ್ಲಿಟ್ಕೋ. ವಾಪಸ್ ಕೊಡುವಾಗ ನೀನು ಕೇಳ್ಬೇಕು, ನಾನು ಹೇಳ್ಬೇಕು. ತಪ್ಪು ಹೇಳಿದ್ರೆ ಚಾರ್ಜ್ ಮಾಡಂಗಿಲ್ಲ."

ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಸಂಜೆ ಎಲ್.ಸಿ. ವಾಪಸ್ ಕೊಡಲು ಫೋನು ಮಾಡಿದಾಗ ನಾನು ಕೇಳಲೇ ಇಲ್ಲ. "ಕೇಳು, ನಾನ್ ಕಾಯ್ತೀನಿ," ಎಂದು ಸುಮ್ಮನಾದರು. ಇಡೀ ಫೀಡರು ಕತ್ತಲಲ್ಲಿದೆ, ಈ ಮನುಷ್ಯ ಆಟ ಆಡುತ್ತಿದ್ದಾರೆ ಎಂದು ಸಿಟ್ಟು ಬಂತು. ಆದರೂ ಕೇಳಿದೆ. ರೈಲು ಎಂದರು. ಚಾರ್ಜ್ ಮಾಡಿದೆ.

ಮಾರನೆಯ ದಿನ ಸ್ಟೇಷನ್ನಿಗೆ ಬಂದು, ಮೆಟ್ಟಿಲ ಮೇಲೆ ಕೂತು ಕಾರಣ ಹೇಳಿದರು. ಅವರು ಕೆಲಸಕ್ಕೆ ಸೇರಿದ ಕಾಲದಲ್ಲಿ ಹಳೆಯ ಫೋನುಗಳು, ಗೊರಗೊರ ಸದ್ದಿನಲ್ಲಿ ಎಲ್ಲರ ದನಿಯೂ ಒಂದೇ. ಅವರ ಜೊತೆಗಾರ ಕಂಬದ ಮೇಲಿದ್ದಾಗ ಯಾರೋ ಎಲ್ಲಿಂದಲೋ ಫೋನು ಮಾಡಿ ಆಯಿತು ಎಂದರು. ಸ್ಟೇಷನ್ನಿನಲ್ಲಿದ್ದವನು ಇವರದೇ ದನಿ ಎಂದುಕೊಂಡು ಚಾರ್ಜ್ ಮಾಡಿದ. "ಕೆಳಗೆ ನಿಂತಿದ್ದೆ ನಾನು," ಎಂದರು, ಅಷ್ಟೇ. ಅಂದಿನಿಂದ ಯಾವ ಸ್ಟೇಷನ್ನಿಗೆ ಹೋದರೂ ಆಪರೇಟರಿಗೂ ಅವರಿಗೂ ನಡುವೆ ದಿನಕ್ಕೊಂದು ಗುಟ್ಟಿನ ಮಾತು.

ಗುಟ್ಟಿನ ಮಾತು ಎಂದರೆ ಹೂವಿನ ಹೆಸರೋ ಊರಿನ ಹೆಸರೋ ಇಟ್ಟುಕೊಳ್ಳಬಹುದಿತ್ತು. ಅವರು ಇಟ್ಟುಕೊಂಡದ್ದು ಲೈನು. "ನಂಗೆ ಬರೋ ಇಂಗ್ಲಿಷು ಒಂದೇ ಪದ ಕಣವ್ವ. ಆದ್ರೆ ಎಷ್ಟು ಬಗೆದ್ರೂ ಮುಗಿಯಲ್ಲ ಅದು," ಎನ್ನುತ್ತಿದ್ದರು. ನಿಜವೇ. ರೇಷನ್ ಅಂಗಡಿಯ ಮುಂದೆ ನಿಲ್ಲುವುದು ಲೈನು. ಪೊಲೀಸರ ಮನೆಗಳ ಸಾಲು ಲೈನು. ಕಬಡ್ಡಿಯಲ್ಲಿ ಮುಟ್ಟಿ ಬರಬೇಕಾದದ್ದು ಲೈನು. ವ್ಯಾನಿನಲ್ಲಿ ಬಿಸ್ಕತ್ತು ತುಂಬಿಕೊಂಡು ಅಂಗಡಿ ಅಂಗಡಿಗೆ ಹಾಕಿ ಬರುವವನು ಹೋಗುವುದು ಲೈನಿಗೆ. ಹೆಣ್ಣು ನೋಡಲು ಬಂದವರು ಹುಡುಗ ಯಾವ ಲೈನಿನಲ್ಲಿದ್ದಾನೆ ಎಂದು ಕೇಳಿಸಿಕೊಳ್ಳುತ್ತಾರೆ. ಮಾತು ಕೇಳದ ಮಗನನ್ನು ಅಪ್ಪ ಲೈನಿಗೆ ತರುತ್ತಾನೆ. ಬಸ್‌ಸ್ಟ್ಯಾಂಡಿನಲ್ಲಿ ಹುಡುಗರು ಹೊಡೆಯುವ ಲೈನೂ ಒಂದಿತ್ತು. ಅದನ್ನು ನನಗೆ ಕೊಡುವ ದಿನ ಅವರಿಗೆ ನಾಚಿಕೆ. "ಅದೇ ಕಣವ್ವ, ಪಡ್ಡೆ ಹುಡುಗ್ರುದು," ಎಂದು ಫೋನು ಇಟ್ಟೇಬಿಟ್ಟರು.

ಹೊಸದೊಂದು ಸಿಕ್ಕಿದರೆ ಅವರಿಗೆ ಹಬ್ಬ. ಹೆಂಡತಿಯನ್ನು ನೆಲಮಂಗಲದಲ್ಲಿ ಆಸ್ಪತ್ರೆಗೆ ಸೇರಿಸಿದ್ದಾಗ ನರ್ಸ್ ಬಂದು ಲೈನ್ ಹಾಕಬೇಕು, ಕೈ ಕೊಡಿ ಎಂದರಂತೆ. ಹೆಂಡತಿಗೆ ಜ್ವರ ಸುಡುತ್ತಿದೆ, ಇವರು ವರಾಂಡಕ್ಕೆ ಬಂದು ನನಗೆ ಫೋನು ಮಾಡಿದರು. "ಕೈನಾಗೂ ಲೈನ್ ಎಳೀತಾರೆ ಕಣವ್ವ! ಗ್ಲೂಕೋಸ್ ಲೈನು!" ಎಂದರು. ಮೊಮ್ಮಗಳು ಶಾಲೆಯಿಂದ ನಂಬರ್ ಲೈನ್ ತಂದಳು. ಎಂಜಿನಿಯರ್ ಒಬ್ಬರು ಮೀಟಿಂಗಿನಲ್ಲಿ ಮಾತು ಮಾತಿಗೂ ಡೆಡ್‌ಲೈನ್ ಡೆಡ್‌ಲೈನ್ ಎನ್ನುತ್ತಿದ್ದರೆ ಇವರು ಹಿಂದಿನ ಬೆಂಚಿನಲ್ಲಿ ಕೂತು ನಕ್ಕರಂತೆ. ನಮ್ಮ ಕೆಲಸದಲ್ಲಿ ಡೆಡ್‌ಲೈನ್ ಎಂದರೆ ಕರೆಂಟಿಲ್ಲದ ತಂತಿ. "ಅದು ಸತ್ತಿದ್ರೇನೇ ಅಲ್ವಾ ನಾವು ಬದುಕೋದು. ಅವ್ರು ಯಾಕಂಗೆ ಹೆದ್ರುಸ್ತಾರೆ?" ಎಂದು ನನ್ನನ್ನು ಕೇಳಿದರು.

ಅಷ್ಟೆಲ್ಲ ಯಾಕೆ ಎಂದು ಒಂದು ದಿನ ನಾನು ಮೊಬೈಲಿನಲ್ಲಿ ನಿಘಂಟು ತೆಗೆದು ಆ ಪದದ ಅರ್ಥಗಳನ್ನು ಓದತೊಡಗಿದೆ. ಬೆರಳಿನಲ್ಲಿ ಎಷ್ಟು ಸರಿಸಿದರೂ ಮುಗಿಯುತ್ತಿರಲಿಲ್ಲ. ಸ್ವಲ್ಪ ಹೊತ್ತು ಕೇಳಿ ಕೈ ಅಡ್ಡ ಹಿಡಿದರು. "ಅವೆಲ್ಲ ಬ್ಯಾಡ. ನಾನು ಕಣ್ಣಲ್ಲಿ ಕಂಡಿರ್ಬೇಕು, ಇಲ್ಲ ಯಾರಾದ್ರೂ ಬಾಯಲ್ಲಿ ಅಂದಿದ್ದು ಕೇಳಿರ್ಬೇಕು. ಕಂಡಿದ್ದಾದ್ರೆ ಮರ್ಯಲ್ಲ." ಬರೆದಿಟ್ಟುಕೊಳ್ಳಲೂ ಬಿಡುತ್ತಿರಲಿಲ್ಲ. ಎಲ್.ಸಿ. ನಂಬರ್ ರಿಜಿಸ್ಟರಿನಲ್ಲಿ ಇರಲಿ, ಇದು ನಿನ್ನ ತಲೆಯಲ್ಲಿರಲಿ ಎನ್ನುತ್ತಿದ್ದರು.

ಇಷ್ಟಾದರೂ ನನ್ನ ಹೆದರಿಕೆ ಹೋಗಲಿಲ್ಲ. ಎಲ್.ಸಿ. ಕೊಟ್ಟ ದಿನ ನನಗೆ ಊಟ ಇಳಿಯುತ್ತಿರಲಿಲ್ಲ. ಮಧ್ಯೆ ಮಧ್ಯೆ ಎದ್ದು ಹೋಗಿ ಕೆಂಪು ಬೋರ್ಡು ಅಲ್ಲೇ ಇದೆಯೇ ಎಂದು ಮುಟ್ಟಿ ನೋಡಿ ಬರುತ್ತಿದ್ದೆ. ಜೊತೆಯ ಆಪರೇಟರುಗಳು ಆಡಿಕೊಳ್ಳುತ್ತಿದ್ದರು. ಒಮ್ಮೆ ತಡೆಯಲಾರದೆ, "ನಂಗೆ ಈ ಕೆಲ್ಸ ಆಗಲ್ಲಣ್ಣ, ಭಯ ಆಗುತ್ತೆ, ಬಿಟ್ಬಿಡ್ತೀನಿ," ಎಂದೆ. ಅವರು ಸಮಾಧಾನ ಹೇಳಲಿಲ್ಲ. "ಧೈರ್ಯವಂತ್ರು ಕೂತ್ಕೊಳೋ ಕುರ್ಚಿ ಅಲ್ಲ ಅದು. ನೀನಿರು," ಎಂದು ಬೀಡಿ ಆರಿಸಿ ಎದ್ದು ಹೋದರು. ಹೊಗಳಿದರೋ ಬೈದರೋ ಅಂದು ತಿಳಿಯಲಿಲ್ಲ.

ಆ ವರ್ಷ ಯುಗಾದಿ ಕಳೆದ ಮೇಲೆ ಬಿದ್ದ ಮೊದಲ ಗಾಳಿಮಳೆಗೆ ತೋಟಗಳ ಕಡೆಯ ಫೀಡರಿನ ಮೇಲೆ ತೆಂಗಿನ ಮರಗಳು ಒರಗಿದವು. ಬೆಳಗ್ಗೆ ಬಿಸಿಲು ಬಂದಿತ್ತು, ಶಿವಗಂಗೆ ಬೆಟ್ಟ ತೊಳೆದಿಟ್ಟ ಹಾಗೆ ಕಾಣುತ್ತಿತ್ತು. ಅಣ್ಣ ಫೋನು ಮಾಡಿ ಎಲ್.ಸಿ. ತೆಗೆದುಕೊಂಡರು. ಅವರ ಜೊತೆ ಮೂವರು. ಮೀಸೆ, ಕುಳ್ಳಣ್ಣ ಎಂದು ನಾವು ಕರೆಯುವ ಇಬ್ಬರು ಇಲ್ಲಿಯವರೇ. ಇನ್ನೊಬ್ಬರು ಬಿಜಾಪುರದ ಕಡೆಯಿಂದ ಕೆಲಸ ಸಿಕ್ಕಿ ಬಂದ ಲೈನ್‌ಮನ್. ಹೆಂಡತಿಯನ್ನೂ ಎಳೆ ಮಗುವನ್ನೂ ಆಗಷ್ಟೇ ಕರೆದುಕೊಂಡು ಬಂದು ಸಂಸಾರ ಹೂಡಿದ್ದರು.

"ಇವತ್ತಿನ ಲೈನು, ಅಂಗೈ," ಎಂದರು ಅಣ್ಣ. ಅಂಗೈ ರೇಖೆ ನೋಡಿ ಭವಿಷ್ಯ ಹೇಳುವವನೊಬ್ಬ ಹಿಂದಿನ ವಾರ ಅವರ ಊರಿಗೆ ಬಂದಿದ್ದನಂತೆ.

ಮಧ್ಯಾಹ್ನ ಕಳೆದು ಡೇರಿಗೆ ಹಾಲು ಹಾಕುವ ಹೊತ್ತು ಹತ್ತಿರವಾಗುತ್ತಿತ್ತು. ಸೆಕ್ಷನ್ ಆಫೀಸರ್ ಫೋನು ಮಾಡಿದರು. ಅವರು ಜೀಪಿನಲ್ಲಿ ಅಲ್ಲಿಗೇ ಹೋಗಿದ್ದರು. "ಕೆಲಸ ಮುಗೀತಮ್ಮ. ಎಲ್ಲ ಮರದ ಕೆಳಗೆ ಕೂತಿದ್ದಾರೆ. ಡೇರಿಯವರು ಹಾಲು ಕೆಡುತ್ತೆ ಅಂತ ಪ್ರಾಣ ತಿಂತಿದ್ದಾರೆ. ಈಗ ಎಲ್.ಸಿ. ವಾಪಸ್ ಕೊಡ್ತಾನೆ, ತಕ್ಷಣ ಚಾರ್ಜ್ ಮಾಡು," ಎಂದು ಫೋನನ್ನು ಅಣ್ಣನ ಕೈಗೆ ಕೊಟ್ಟರು.

"ಎಲ್ಲ ಇಳಿದವ್ರೆ ಕಣವ್ವ. ಅರ್ಥ್ ರಾಡೂ ತೆಗ್ದಾಯ್ತು. ಎಲ್.ಸಿ. ವಾಪಸ್ ತಗೋ."

"ಇವತ್ತಿನ ಲೈನು ಯಾವುದಣ್ಣ?"

"ಕಬಡ್ಡಿ."

ನನಗೆ ಕೇಳಿಸಿದ್ದು ಸರಿಯೇ ಎಂದು ಇನ್ನೊಮ್ಮೆ ಕೇಳಿದೆ. ಕಬಡ್ಡಿ ಎಂದೇ ಅಂದರು. ದನಿಯಲ್ಲಿ ಒಂಚೂರೂ ಅನುಮಾನವಿಲ್ಲ. ನನ್ನನ್ನು ಪರೀಕ್ಷಿಸುತ್ತಿದ್ದಾರೇನೋ ಎಂದುಕೊಂಡೆ. ಆದರೆ ಅವರು ಎಂದೂ ಹಾಗೆ ಪರೀಕ್ಷಿಸಿದವರಲ್ಲ. ಈ ವಿಷಯದಲ್ಲಿ ಆಟವಿರಲಿಲ್ಲ ಅವರಿಗೆ.

"ಅಲ್ಲಣ್ಣ," ಎಂದೆ.

"ಏನ್ ಅಲ್ಲ?"

"ಬೆಳಿಗ್ಗೆ ಕೊಟ್ಟಿದ್ದು ಅದಲ್ಲ."

ಅವರು ನನ್ನ ಮೇಲೆ ರೇಗಿದರು. ಅಲ್ಲಿಯವರೆಗೆ ಅವರು ಯಾರ ಮೇಲೂ ರೇಗಿದ್ದನ್ನು ನಾನು ಕೇಳಿರಲಿಲ್ಲ. "ಕಬಡ್ಡಿನೇ ಕೊಟ್ಟಿದ್ದು! ನೀನು ಹುಟ್ಟೋಕ್ ಮುಂಚೆ ಕಂಬ ಹತ್ತಿದೋನು ನಾನು. ನಂಗೇ ಹೇಳ್ಕೊಡ್ತೀಯಾ? ಚಾರ್ಜ್ ಮಾಡು ಅಂದ್ರೆ ಮಾಡು!"

ಇವರಿಗೆ ಏನಾಗಿದೆ ಎನ್ನುವುದು ನನಗೆ ತಿಳಿಯಲಿಲ್ಲ. ಬಿಸಿಲು ತಲೆಗೆ ಹೊಡೆದಿದೆಯೇ, ಯಾರಾದರೂ ಒತ್ತಾಯ ಮಾಡಿ ಹೇಳಿಸುತ್ತಿದ್ದಾರೆಯೇ? ದನಿ ಮಾತ್ರ ಅವರದೇ. ಅನುಮಾನವೇ ಇಲ್ಲ, ಅವರದೇ. ಇಷ್ಟು ದಿನ ಬೇರೆಯವರ ದನಿ ಬಂದೀತು ಎಂದು ಹೆದರಿಕೊಂಡಿದ್ದವಳು ನಾನು. ಅವರದೇ ದನಿಗೆ ಹೆದರಬೇಕಾಗುತ್ತದೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ.

ಅಷ್ಟರಲ್ಲಿ ಆಫೀಸರ್ ಫೋನು ಕಿತ್ತುಕೊಂಡರು. "ಏನಮ್ಮಾ ಇದು? ತೊಗೊಂಡವನೇ ವಾಪಸ್ ಕೊಡ್ತಿದ್ದಾನೆ, ನಾನು ಪಕ್ಕದಲ್ಲೇ ನಿಂತಿದ್ದೀನಿ. ರೂಲ್ಸ್ ಪ್ರಕಾರ ಇನ್ನೇನು ಬೇಕು ನಿನಗೆ? ಮೆಮೊ ಕೊಡಿಸ್ಲಾ?"

ರೂಲ್ಸ್ ಪ್ರಕಾರ ಅವರು ಹೇಳಿದ್ದು ಸರಿಯಾಗಿತ್ತು. ರೈಲು, ಕಬಡ್ಡಿ, ಅಂಗೈ ಇವೆಲ್ಲ ಯಾವ ರೂಲ್ಸಿನಲ್ಲೂ ಇರಲಿಲ್ಲ. ನನ್ನದು ಗುತ್ತಿಗೆಯ ಕೆಲಸ, ನಾಳೆ ಬರಬೇಡ ಎಂದರೆ ಮುಗಿಯಿತು. ನನ್ನ ಕೈಯನ್ನೇ ನಾನು ನಂಬಲಿಲ್ಲ. ಎಲ್ಲಿ ಹೆದರಿಕೆಗೆ ಅದೇ ಹೋಗಿ ಹಿಡಿಕೆ ತಿರುಗಿಸಿಬಿಡುತ್ತದೋ ಎಂದು, ಫೋನನ್ನು ಭುಜಕ್ಕೂ ಕಿವಿಗೂ ಸಿಕ್ಕಿಸಿಕೊಂಡು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತೆ.

"ಸಾರ್, ನಾಲ್ಕೂ ಜನ ಫೋನಲ್ಲಿ ಮಾತಾಡ್ಲಿ. ಒಬ್ಬೊಬ್ರಾಗಿ. ಆಮೇಲೆ ಮಾಡ್ತೀನಿ."

"ತಮಾಷೆನಾ ಇದು?"

"ಇಲ್ಲ ಸಾರ್. ಹೆದ್ರಿಕೆ ಸಾರ್," ಎಂದೆ. ಅಳು ಬರುವಂತಾಗಿತ್ತು.

ಹಿಂದಿನಿಂದ ಅಣ್ಣನ ದನಿ ಕೇಳಿಸಿತು, ಈ ಸಲ ಮೆತ್ತಗೆ. "ಕೊಡಿ ಸಾರ್. ಕೇಳ್ತಾವ್ಳೆ ಅಂದ್ರೆ ಕೊಡ್ಬೇಕು."

ಮೀಸೆ ಬಂದು, "ನಾನಿಲ್ಲೇ ಇವ್ನಿ ಕಣಮ್ಮ, ಏನ್ ಗಲಾಟೆ?" ಎಂದರು. ಕುಳ್ಳಣ್ಣ ಬಂದು ಮಾತಾಡಿದರು.

"ಬಿಜಾಪುರದವರು?" ಎಂದೆ.

ಫೋನಿನಲ್ಲಿ ಗಾಳಿಯ ಸದ್ದು ಮಾತ್ರ. ಮೀಸೆ ದೂರದಿಂದ, "ಟೀ ತರಕ್ಕೆ ಹೋಗವ್ನೆ ಅಂದ್ಕೊಂಡಿದ್ದೆ ನಾನು," ಎಂದದ್ದು ಕೇಳಿಸಿತು. ಕುಳ್ಳಣ್ಣ, "ಟೀ ಕುಡ್ದು ಆಗ್ಲೇ ಆಯ್ತಲ್ಲ," ಎಂದರು. ಆಮೇಲೆ ಅಣ್ಣ ಒಂದು ಸದ್ದು ಮಾಡಿದರು. ಅದು ಮಾತಾಗಿರಲಿಲ್ಲ. ಫೋನು ನೆಲಕ್ಕೆ ಬಿತ್ತು. ಯಾರೋ ಓಡುತ್ತಿರುವ ಸದ್ದು. ಆಫೀಸರ್ ಏನು ಏನು ಎಂದು ಕೂಗುತ್ತಿದ್ದರು.

ನಾನು ಪ್ಯಾನೆಲ್ಲಿಗೆ ಬೆನ್ನು ಕೊಟ್ಟು ನಿಂತಿದ್ದೆ. ತಂತಿಯಲ್ಲಿ ಕರೆಂಟಿಲ್ಲ ಎಂದು ನನಗೆ ಗೊತ್ತು. ಕೆಂಪು ಬೋರ್ಡು ನೇತಾಡುತ್ತಿದೆ. ಆದರೂ ನಾನು ಮಾಡದೇ ಇದ್ದದ್ದನ್ನು ನೆನೆದುಕೊಂಡು ನಡುಗುತ್ತಿದ್ದೆ. ಬೇರೆ ಫೋನು ಹೊಡೆದುಕೊಂಡಿತು, ಯಾರೋ ಡೇರಿಯವರು, ಎತ್ತಲಿಲ್ಲ. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ ತಿಳಿಯದು.

ಕೊನೆಗೆ ನನ್ನ ಮೊಬೈಲಿಗೆ ಫೋನು ಬಂತು. ಬಿಜಾಪುರದವರೇ. "ಅಕ್ಕಾರ, ಏನಾತ್ರಿ? ಅಣ್ಣಾರು ಓಡಿ ಬಂದು ಕಂಬದ ಬುಡಕ ಕುಂತು ಅಳಾಕತ್ತಾರ್ರಿ. ನಾ ಇನ್ನಾ ಮ್ಯಾಲೇ ಅದೀನಿ. ಇಳೀಲ್ಯಾ ಬ್ಯಾಡೋ ತಿಳೀವಲ್ದು."

"ಇಳೀರಿ," ಎಂದೆ.

ಮಧ್ಯಾಹ್ನದ ಊಟವಾದ ಮೇಲೆ ಅಣ್ಣ ಬಿಜಾಪುರದವರನ್ನು ಒಬ್ಬರನ್ನೇ ಬೈಕಿನಲ್ಲಿ ಕೆರೆ ಏರಿಯ ಆಚೆಯ ಕಂಬಕ್ಕೆ ಕಳಿಸಿದ್ದರು. ತಾವೇ ಕಳಿಸಿದ್ದರು. ಕಳಿಸಿದ್ದು ಅವರ ತಲೆಯಿಂದ ಪೂರ್ತಿ ಅಳಿಸಿಹೋಗಿತ್ತು, ಬೆಳಗ್ಗೆ ಕೊಟ್ಟ ಅಂಗೈಯ ಹಾಗೆಯೇ. ಆ ಮನುಷ್ಯ ಎರಡೂ ಕೈಯಲ್ಲಿ ತಂತಿ ಹಿಡಿದು, ಹಾಡು ಗುನುಗುತ್ತ ಜೋಡಣೆ ಬಿಗಿಯುತ್ತಿದ್ದರಂತೆ.

ಎಲ್ಲರೂ ಒಂದೆಡೆ ಸೇರಿದ ಮೇಲೆ ಅಣ್ಣ ಮತ್ತೆ ಫೋನು ಹಿಡಿದರು. ನಾನು ಕೇಳುವ ಮೊದಲೇ, "ಲೈನು ನೆನಪಿಲ್ಲ ಕಣವ್ವ," ಎಂದರು. "ಎಲ್ರನ್ನೂ ಮಾತಾಡ್ಸು. ಎಲ್ರೂ ಮಾತಾಡಿದ್ಮೇಲೆ ಚಾರ್ಜ್ ಮಾಡು." ನಾಲ್ಕೂ ಜನರ ದನಿ ಕೇಳಿ, ಆಫೀಸರ ದನಿಯನ್ನೂ ಕೇಳಿ ಚಾರ್ಜ್ ಮಾಡಿದೆ. ಆಫೀಸರ್ ಮೆಮೊದ ಮಾತು ಮತ್ತೆ ಎತ್ತಲಿಲ್ಲ.

ಸಂಜೆ ಅಣ್ಣನ ಮೊಪೆಡ್ ಗೇಟಿನೊಳಗೆ ಬಂತು. ಮೆಟ್ಟಿಲ ಮೇಲೆ ಕೂತರು. ಬೀಡಿ ತೆಗೆದರು, ಹಚ್ಚಲಿಲ್ಲ. ಬರುವ ದಾರಿಯಲ್ಲಿ ಬಿಜಾಪುರದವರ ಮನೆಗೆ ಹೋಗಿ, ಹೆಂಡತಿಯ ಎದುರಿನಲ್ಲಿಯೇ ನಡೆದದ್ದನ್ನೆಲ್ಲ ಹೇಳಿ ಕೈ ಮುಗಿದು ಬಂದಿದ್ದರು. ಆಕೆ ಮಗುವನ್ನು ಎತ್ತಿಕೊಂಡು ಒಳಗೆ ಹೋದಳಂತೆ. "ಬೈದಿದ್ರೆ ಚೆನ್ನಾಗಿರೋದು," ಎಂದರು.

"ನಿಂಗೂ ಬೈದ್ಬುಟ್ಟೆ."

"ಹೋಗ್ಲಿ ಬಿಡಣ್ಣ."

"ಹೋಗ್ಲಿ ಬಿಡು ಅನ್ಬೇಡ. ನಾನು ಬೈದೆ ಅಂತ ನೀನು ಹೆದ್ರಿ ಮಾಡ್ಬುಟ್ಟಿದ್ರೆ?"

ಯಾರ್ಡಿನಲ್ಲಿ ಟ್ರಾನ್ಸ್‌ಫಾರ್ಮರ್ ಗುಂಯ್ ಎನ್ನುತ್ತಿತ್ತು. ಹೆದರಿಕೆಯನ್ನು ನಾನು ಅವರ ಮುಖದಲ್ಲಿ ನೋಡಿದ್ದು ಅಂದೇ ಮೊದಲು. ನನ್ನದಕ್ಕಿಂತ ದೊಡ್ಡದಿತ್ತು ಅದು. ನನಗೆ ಹೊರಗಿನದಕ್ಕೆ ಹೆದರಿಕೆ. ಅವರಿಗೆ ಅಂದಿನಿಂದ ತಮ್ಮ ತಲೆಗೇ ಹೆದರಿಕೆ.

"ಸಾಹೇಬ್ರಿಗೆ ಹೇಳ್ಬುಟ್ಟೆ," ಎಂದರು. "ನನ್ನ ಲೈನಿಂದ ತೆಗೀರಿ ಅಂದೆ. ಅವ್ರು ಒಂದಿನ ಮರ್ತಿದ್ದಕ್ಕೆ ಯಾಕಿಂಗಾಡ್ತೀಯಾ ಅಂತಾರೆ. ಒಂದಿನ ಅಲ್ಲ ಕಣವ್ವ. ಮೊನ್ನೆ ಮನೆ ದಾರೀಲಿ ಎಲ್ಲಿಗೆ ಹೊಂಟಿದ್ದೆ ಅಂತ ಗೊತ್ತಾಗ್ದೆ ನಿಂತ್ಕಂಡಿದ್ದೆ. ಯಾರ್ಗೂ ಹೇಳಿರ್ನಿಲ್ಲ." ಎದ್ದರು. "ನಾಳೆ ಯಾರೇ ಬರ್ಲಿ, ದ್ಯಾವ್ರೇ ಬಂದು ಚಾರ್ಜ್ ಮಾಡು ಅನ್ಲಿ. ಹಿಂಗೇ ಹೆದ್ರು," ಎಂದು ಮೊಪೆಡ್ ತಳ್ಳಿಕೊಂಡು ಹೊರಟರು. ಹತ್ತಿ ಓಡಿಸಲಿಲ್ಲ, ಗೇಟಿನ ಆಚೆಗೂ ತಳ್ಳಿಕೊಂಡೇ ಹೋದರು.

ಆಮೇಲೆ ಅವರು ಕಂಬ ಹತ್ತಲಿಲ್ಲ. ನಿವೃತ್ತಿಯವರೆಗೆ ಆಫೀಸಿನಲ್ಲಿ ಬಿಲ್ಲು ಜೋಡಿಸಿಕೊಂಡು ಕೂತಿದ್ದರು. ಮೀಸೆ, ಕುಳ್ಳಣ್ಣ, ಬಿಜಾಪುರದವರು ಮೂವರೂ ಯಾರೂ ಹೇಳದೆಯೇ ಎಲ್.ಸಿ. ತೆಗೆದುಕೊಳ್ಳುವಾಗ ಲೈನು ಕೊಡುವುದನ್ನು ಹಿಡಿದುಕೊಂಡರು. ಇಳಿದವರ ದನಿಯನ್ನೆಲ್ಲ ಕೇಳುವುದನ್ನು ನಾನು ಸೇರಿಸಿದೆ. ಡೇರಿಯವರು ಬೈಯುತ್ತಾರೆ. ಬೈಯಲಿ.

ನಿವೃತ್ತಿಯಾದ ಮೇಲೆ ಅವರ ನೆನಪು ಬೇಗ ಬೇಗ ಕರಗಿತು. ನೋಡಲು ಹೋದರೆ ನನ್ನನ್ನು ಒಮ್ಮೆ ತಂಗಿ ಎನ್ನುವರು, ಒಮ್ಮೆ ಆಸ್ಪತ್ರೆಯ ನರ್ಸ್ ಎನ್ನುವರು. ಲೈನಿನ ಮಾತು ಎತ್ತಿದರೆ ಮಗುವಿನ ಹಾಗೆ ಮುಖ ನೋಡುವರು. ಅಷ್ಟು ಬಗೆಯ ಲೈನುಗಳಲ್ಲಿ ಒಂದೂ ಉಳಿದಿರಲಿಲ್ಲ. ಭಯ ಮಾತ್ರ ಉಳಿದಿತ್ತು. ಮಧ್ಯಾಹ್ನವಾದರೆ ಮಂಚದಿಂದ ಎದ್ದು ಬಾಗಿಲಿಗೆ ಬಂದು, "ಎಲ್ಲ ಇಳ್ದ್ರಾ?" ಎಂದು ಕೇಳುವರು. "ಇಳ್ದ್ರು, ಬಂದು ಮಲಿಕ್ಕಳಿ," ಎಂದು ಹೆಂಡತಿ ಹೇಳಿದರೆ ನಂಬುವರಲ್ಲ. ಆಗ ಆಕೆ ನನಗೆ ಫೋನು ಹಚ್ಚಿ ಕೊಡುತ್ತಿದ್ದರು. ನಾನು ಒಬ್ಬೊಬ್ಬರ ಹೆಸರನ್ನೂ ಹಿಡಿದು, ಅವರು ಇಳಿದರು, ಇವರು ಇಳಿದರು ಎಂದು ನಿಧಾನವಾಗಿ ಹೇಳುತ್ತಿದ್ದೆ. ಅಷ್ಟು ಕೇಳಿಯೇ ಹೋಗಿ ಮಲಗುತ್ತಿದ್ದರಂತೆ.

ಹೋದ ಮಾಘದಲ್ಲಿ ಅವರು ತೀರಿಕೊಂಡರು. ಮಣ್ಣು ಮಾಡುವ ಹೊತ್ತಿಗೆ ನನಗೆ ಡ್ಯೂಟಿ. ಬದಲಿಗೆ ಯಾರೂ ಸಿಗಲಿಲ್ಲ. ಸ್ಟೇಷನ್ನಿನಲ್ಲೇ ಕೂತು ಗಡಿಯಾರ ನೋಡುತ್ತಿದ್ದೆ. ಬಿಜಾಪುರದವರು ಫೋನು ಮಾಡಿದರು.

"ಅಕ್ಕಾರ, ಎಲ್.ಸಿ. ಬೇಕಾಗಿತ್ರಿ. ಟ್ರ್ಯಾಕ್ಟರ್ ಮ್ಯಾಲ ಹೂವಿನ ಚಪ್ಪರ ಎತ್ತರ ಕಟ್ಟ್ಯಾರ. ತ್ವಾಟದ ದಾರ್ಯಾಗ ತಂತಿ ತೆಳಗದಾವು. ಅಣ್ಣಾರನ್ನ ಒಯ್ಯಬೇಕು."

ಸ್ವಿಚ್ಚು ತೆರೆದೆ. ಬೋರ್ಡು ಹಾಕಿದೆ. ಕೊಟ್ಟೆ ಎಂದೆ.

"ಲೈನ್ ನೀವೇ ಕೊಡ್ರಿ ಅಕ್ಕಾರ. ನನಗೇನೂ ಹೊಳೀವಲ್ದು," ಎಂದರು. ನನಗೂ ಹೊಳೆಯಲಿಲ್ಲ. ಕಿಟಕಿಯಾಚೆ ಕಾವಲುಗಾರನ ಹೆಂಡತಿ ಬಟ್ಟೆ ಒಣಹಾಕುತ್ತಿದ್ದಳು. ಅದನ್ನೇ ಕೊಟ್ಟೆ.

ಬಹಳ ಹೊತ್ತಾಯಿತು. ಆಮೇಲೆ ಅಣ್ಣನ ಕಡೆಯ ನೆಂಟರೊಬ್ಬರು ಫೋನು ಮಾಡಿದರು. "ಕಾರ್ಯ ಎಲ್ಲ ಮುಗೀತು ಕಣಮ್ಮ, ಜನ ಹೊಂಟ್ರು. ಕೈಕಾಲ್ ತೊಳ್ಕೊಳಕ್ಕೆ ಮೋಟ್ರು ಹಾಕ್ಬೇಕು, ಕರೆಂಟ್ ಬಿಡು."

"ತಗೊಂಡೋರೇ ಹೇಳ್ಬೇಕು," ಎಂದೆ.

"ಸಾವಿನ ಮನೇಲೂ ಇಂಥದ್ದಾ?" ಎಂದು ಅವರು ಬೇಜಾರಿನಿಂದ ಫೋನಿಟ್ಟರು. ಅವರ ಬೇಜಾರು ತಪ್ಪಲ್ಲ. ಕಾದೆ. ಕೊನೆಗೆ ಬಿಜಾಪುರದವರು ಏದುಸಿರು ಬಿಡುತ್ತ ಬಂದರು. "ಮಣ್ಣು ಹಾಕಾಕತ್ತಿದ್ದೆ ಅಕ್ಕಾರ, ತಡಾ ಆತ್ರಿ. ಬಟ್ಟಿ ಒಣಗ್ಹಾಕೂ ಲೈನ್," ಎಂದರು. ಮೀಸೆಯ ಕೈಗೆ ಕೊಟ್ಟರು, ಕುಳ್ಳಣ್ಣನ ಕೈಗೆ ಕೊಟ್ಟರು, ಟ್ರ್ಯಾಕ್ಟರಿನವನ ಕೈಗೂ ಕೊಟ್ಟರು. ಚಪ್ಪರ ಬಿಚ್ಚಿ ಇಳಿಸಿದ್ದಾರೆ, ತಂತಿಯ ಹತ್ತಿರ ಒಂದು ನರಪಿಳ್ಳೆಯೂ ಇಲ್ಲ ಎಂದು ಎಲ್ಲರೂ ಹೇಳಿದರು.

ಬೋರ್ಡು ತೆಗೆದೆ. ಚಾರ್ಜ್ ಮಾಡಿದೆ, ಫೀಡರಿನಲ್ಲಿ ಕರೆಂಟು ಹರಿಯಿತು. ಆಮೇಲೆ ಕುರ್ಚಿಗೆ ಬಂದು ಕೂತು ಅತ್ತೆ. ಅಲ್ಲಿಯವರೆಗೂ ಅಳುವ ಹಾಗಿರಲಿಲ್ಲ. ತಂತಿಯ ಕೆಳಗೆ ಜನ ಇದ್ದರು.